ಪರರ ಬಾಳ್ವೆ ಅರಿಯುವ ಮಕ್ಕಳು: ಮನೆಯ ಪಾಠವನ್ನು ಅಳೆಯುವ ಬಗೆ

ತನ್ನದಲ್ಲದ ನಡೆ, ನುಡಿ, ಊಟ, ಪೂಜೆಗಳ ಬಗ್ಗೆ ಕುತೂಹಲ, ಗೌರವ, ಆ ಜನರೊಡನೆ ಹದವಾಗಿ ನಡೆದುಕೊಳ್ಳುವ ರೂಢಿ, ಈ ಮೂರೂ ಕೂಡಿದ್ದೇ ಪರಸಂಸ್ಕೃತಿ ಸಂವೇದನೆ. ಮಕ್ಕಳಲ್ಲಿ ಇದು ಬೆಳೆಯಲು ತಂದೆ ತಾಯಿ ಏನು ಮಾಡುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಶ್ನಾವಳಿಗಳಿಂದ ಅಳೆಯುತ್ತಾರೆ. ಡಯೇನ್ ಹ್ಯೂಸ್ ಮತ್ತು ಸಂಗಡಿಗರು ಅಮೆರಿಕದ ಅಧ್ಯಯನಗಳನ್ನು ಪರಾಮರ್ಶಿಸಿ 2006ರಲ್ಲಿ ಇಂಥ ಪಾಲನೆಯ ನಾಲ್ಕು ಎಳೆಗಳನ್ನು ಗುರುತಿಸಿದರು: ತಮ್ಮ ಪರಂಪರೆಯನ್ನು ಕಲಿಸುವುದು, ಭೇದಭಾವವನ್ನು ಎದುರಿಸಲು ಮಗುವನ್ನು ಸಿದ್ಧಗೊಳಿಸುವುದು, ಪರರ ಮೇಲೆ ಅಪನಂಬಿಕೆ ಬಿತ್ತುವುದು, ಎಲ್ಲರೂ ಸಮಾನರೆನ್ನುವುದು ಇಲ್ಲವೇ ಮಾತನ್ನೇ ಎತ್ತದಿರುವುದು. ಮೊದಲನೆಯದಕ್ಕೂ ಮೂರನೆಯದಕ್ಕೂ ನಂಟು ಕಟ್ಟುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಮಗುವಿಗೆ ತನ್ನ ಕುಲದ ಹಾಡು ಕಲಿಸಿದ ತಾಯಿ ನೆರೆಯವರ ಹಾಡಿಗೆ ಕಿವಿ ಮುಚ್ಚಲು ಕಲಿಸಿದಂತಾಗುವುದಿಲ್ಲ. ಇವೆರಡನ್ನು ಬೇರೆ ಬೇರೆಯಾಗಿಯೇ ಅಳೆಯಬೇಕು.

ನಿಜವಾದ ತೊಡಕು ಮುಂದಿದೆ. ‘ಬೇರೆ ಧರ್ಮದವರನ್ನು ಗೌರವಿಸಲು ನಿಮ್ಮ ಮಗುವಿಗೆ ಹೇಳಿಕೊಡುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ತಂದೆ ತಾಯಿ ಎಷ್ಟು ಜನ ಸಿಕ್ಕಾರು? ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ, ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗಿನ ಐದು ಮೆಟ್ಟಿಲ ಉತ್ತರದ ಪದ್ಧತಿ ಬಳಸಲು ಸುಲಭ, ಆದರೆ ಒಳ್ಳೆಯವರೆನಿಸಿಕೊಳ್ಳುವ ಆಸೆಯೂ ಅದೇ ಮೆಟ್ಟಿಲುಗಳನ್ನು ಏರುತ್ತದೆ. ಇಲ್ಲಿ ಕಲಿತವರೂ ಎಡವುತ್ತಾರೆ. ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನು ತೋರಿಸುವ, ಲೀ ಕ್ರಾನ್‌ಬಾಕ್ 1951ರಲ್ಲಿ ಮಂಡಿಸಿದ ಆಲ್ಫಾ ಎಂಬ ಅಂಕಿ 0.9 ಬಂತೆಂದರೆ ಮಾಪನ ಗೆದ್ದಿತೆಂದು ಅವರು ತಿಳಿಯುತ್ತಾರೆ. ಮೆಚ್ಚಿಸುವ ಹಂಬಲ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇರುತ್ತದೆ. ಹೆಚ್ಚಿರುವವರು ಎಲ್ಲ ಪ್ರಶ್ನೆಗಳಿಗೂ ಮೇಲಿನ ಮೆಟ್ಟಿಲನ್ನೇ ಹಿಡಿಯುವುದರಿಂದ ಉತ್ತರಗಳು ತಮ್ಮತಮ್ಮಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಆಲ್ಫಾ ಏರುತ್ತದೆ. ತಟ್ಟೆಯಡಿ ಕಲ್ಲು ಕಟ್ಟಿದ ತಕ್ಕಡಿಯೂ ಪ್ರತಿ ಸಲ ಒಂದೇ ತೂಕ ತೋರಿಸುತ್ತದೆ. ಸ್ಥಿರತೆ ಒಂದು ಗುಣ, ಸಾಚಾತನ ಇನ್ನೊಂದು. ಮಾಪನಶಾಸ್ತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಕಂಡಿಲ್ಲ.

ಹೇಳಿಕೆಗೂ ನಡತೆಗೂ ನಡುವಿನ ಈ ಕಂದರವನ್ನು ರಿಚರ್ಡ್ ಲಾಪಿಯೆರ್ 1934ರಲ್ಲೇ ತೋರಿಸಿದ್ದರು. ಚೀನೀ ದಂಪತಿಯೊಡನೆ ಅಮೆರಿಕ ಸುತ್ತಿದ ಅವರಿಗೆ 250ಕ್ಕೂ ಹೆಚ್ಚು ಹೋಟೆಲು, ವಸತಿಗೃಹಗಳ ಪೈಕಿ ಒಂದು ಕಡೆ ಮಾತ್ರ ಪ್ರವೇಶ ನಿರಾಕರಿಸಲಾಯಿತು. ತಿಂಗಳುಗಳ ಬಳಿಕ ‘ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ?’ ಎಂದು ಪತ್ರದಲ್ಲಿ ಕೇಳಿದಾಗ ಉತ್ತರಿಸಿದವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿ ‘ಇಲ್ಲ’ ಎಂದರು! ಪತ್ರಕ್ಕೆ ಉತ್ತರ ಬರೆದವರೂ ಬಾಗಿಲಲ್ಲಿ ನಿಂತು ಬರಮಾಡಿಕೊಂಡವರೂ ಬೇರೆ ಬೇರೆ ಇದ್ದಿರಬಹುದು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಕಾಗದದ ಉತ್ತರವನ್ನು ನಡತೆಯೆಂದು ಭಾವಿಸಬಾರದೆಂಬ ಎಚ್ಚರಿಕೆ ಉಳಿಯುತ್ತದೆ.

ಈಗ ಹಾವೇರಿ ಜಿಲ್ಲೆಯ ಗೊಟಗೋಡಿಯ ಸುತ್ತಮುತ್ತ ನೋಡಿ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಅದೇ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದರು. ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಸವಣೂರು ನವಾಬರ ರಾಜಧಾನಿಯಾಗಿತ್ತು. ಈ ಸೀಮೆಯ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರಿದ್ದಾರೆ. ‘ಇಂಥ ನೆಲದಲ್ಲಿ ಸೌಹಾರ್ದ ತಾನಾಗಿಯೇ ಮಕ್ಕಳಿಗೆ ಬರುತ್ತದೆ, ಅಳೆಯುವುದೇಕೆ?’ ಎಂಬ ಆಕ್ಷೇಪ ಇಲ್ಲಿ ಬಹಳ ಗಟ್ಟಿಯಾಗಿ ಕೇಳಿಬರುತ್ತದೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಮೊಹರಂ ಆಚರಣೆ ಉಂಟು, ಹಿಂದೂಗಳೇ ಅಲಾಯಿ ದೇವರನ್ನು ಹೊರುತ್ತಾರೆ. ಹಬ್ಬ ದೊಡ್ಡ ಸಂಪತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಅಲಾಯಿ ಕುಣಿತಕ್ಕೆ ಮಗನನ್ನು ಕಳಿಸುವ ಮನೆ ಅವನ ದಲಿತ ಸಹಪಾಠಿಯನ್ನು ಅಡುಗೆಮನೆಯ ತನಕ ಬರಗೊಡುತ್ತದೆಯೇ? ಒಂದರಿಂದ ಇನ್ನೊಂದನ್ನು ಊಹಿಸುವಂತಿಲ್ಲ. ಹಬ್ಬದ ಪಾಲ್ಗೊಳ್ಳುವಿಕೆ ಊರಿನ ರೂಢಿಯನ್ನು ಹೇಳುತ್ತದೆ, ತಂದೆ ತಾಯಿಯ ಪಾಲನೆಯನ್ನು ಹೇಳಬೇಕೆಂದಿಲ್ಲ. ಹೆಮ್ಮೆಪಡುವ ಪರಂಪರೆಯಿರುವ ಸೀಮೆಯಲ್ಲಿ ಮೆಚ್ಚಿಸುವ ಉತ್ತರವೂ ಸಲೀಸಾಗಿ ಬರುತ್ತದೆ. ಅಲ್ಲಿ ಅಳತೆ ಇನ್ನಷ್ಟು ಬಿಗಿಯಾಗಿರಬೇಕು.

ಆದ್ದರಿಂದ ನನ್ನ ವಾದ ಇಷ್ಟು: ಅಭಿಪ್ರಾಯ ಕೇಳುವುದನ್ನು ಕಡಿಮೆ ಮಾಡಿ, ನಡೆದದ್ದನ್ನು ಕೇಳಬೇಕು. ಹೋದ ತಿಂಗಳು ಮಗು ಯಾರ ಯಾರ ಮನೆಯಲ್ಲಿ ನೀರು ಕುಡಿಯಿತು, ಉಂಡಿತು? ಮನೆಗೆ ಬಂದ ಗೆಳೆಯರು ಯಾರು? ಅವರು ಎಲ್ಲಿ ಕುಳಿತರು? ನೆರೆಯ ಸಮುದಾಯವನ್ನು ಹೀಗಳೆಯುವ ಹೆಸರಿನಿಂದ ಯಾರಾದರೂ ಕರೆದಾಗ ಮನೆಯವರು ತಡೆದರೇ, ನಕ್ಕರೇ, ಸುಮ್ಮನಿದ್ದರೇ? ಒಂದೇ ಸಮುದಾಯದ ಊರಿನಲ್ಲಿ ಅವಕಾಶವೇ ಇರುವುದಿಲ್ಲವಲ್ಲ ಎಂಬ ತಕರಾರು ಸರಿ. ಹಾಗಾಗಿ ಒಡನಾಟದ ಲೆಕ್ಕವನ್ನು ಸಿಕ್ಕ ಅವಕಾಶಕ್ಕೆ ಹೋಲಿಸಿಯೇ ಓದಬೇಕು. ಇಂಥ ಪ್ರಶ್ನೆಗಳಿಗೂ ಸುಳ್ಳು ಹೇಳಬಹುದು ಎನ್ನುವವರಿಗೆ ಪರಿಹಾರ ಮಗುವಿನಲ್ಲಿದೆ. ಅದೇ ಪ್ರಶ್ನೆಗಳನ್ನು ಮಗುವಿಗೆ ಪ್ರತ್ಯೇಕವಾಗಿ, ಹೆದರಿಕೆ ಹುಟ್ಟದ ರೀತಿಯಲ್ಲಿ, ಒಪ್ಪಿಗೆ ಪಡೆದು ಕೇಳಬೇಕು. ಎರಡು ಉತ್ತರಗಳ ಅಂತರವೇ ಒಂದು ಅಮೂಲ್ಯ ಅಳತೆಯಾಗುತ್ತದೆ.

ಮಗುವನ್ನು ಕೇಳಲು ಬೇರೆ ಕಾರಣವೂ ಇದೆ. ಡೆಗ್ನರ್ ಮತ್ತು ಡಾಲೆಗೆ 2013ರಲ್ಲಿ 131 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಪರರ ಬಗ್ಗೆ ತಂದೆ ತಾಯಿಗಿರುವ ಮನೋಭಾವಕ್ಕೂ ಮಕ್ಕಳ ಮನೋಭಾವಕ್ಕೂ ಸಿಕ್ಕ ಸಹಸಂಬಂಧ ಸರಾಸರಿ 0.29. ಈ ಅಂಕಿಯ ವರ್ಗ ಸುಮಾರು 0.08; ಮಕ್ಕಳ ನಡುವಣ ವ್ಯತ್ಯಾಸದಲ್ಲಿ ಶೇಕಡಾ 8ರಷ್ಟನ್ನು ಮಾತ್ರ ಅದು ವಿವರಿಸುತ್ತದೆ. ಹಾಗೆಂದು ಮನೆಯ ಪಾತ್ರ ಚಿಕ್ಕದೆನ್ನುವುದು ಅವಸರದ ತೀರ್ಮಾನ. ಪಾಹ್ಕೆ, ಬಿಗ್ಲರ್ ಮತ್ತು ಸುಯಿಝೊ 2012ರ ಅಧ್ಯಯನದಲ್ಲಿ, ಬೇರೆ ಜನಾಂಗದ ಗೆಳೆಯರು ಹೆಚ್ಚಿದ್ದ ಬಿಳಿಯ ತಾಯಂದಿರ ಪುಟ್ಟ ಮಕ್ಕಳಲ್ಲಿ ಪೂರ್ವಗ್ರಹ ಕಡಿಮೆಯಿದ್ದುದನ್ನು ಕಂಡರು. ತಾಯಂದಿರ ಮನೋಭಾವದೊಡನೆ ಅಂಥ ನಂಟು ಕಾಣಲಿಲ್ಲ. ಮಕ್ಕಳು ಉಪದೇಶಕ್ಕಿಂತ ಮನೆಗೆ ಬಂದುಹೋಗುವವರನ್ನು ಗಮನಿಸುತ್ತಿರಬಹುದು. ಹೊಸಿಲಲ್ಲಿ ನಡೆಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಶ್ನಾವಳಿ ಬೇಕಾದದ್ದನ್ನೇ ಕೈಬಿಟ್ಟಂತೆ.

ಅಮೆರಿಕದ ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತಂದರೆ ಸಾಲದು. ಜನಾಂಗದ ಸುತ್ತ ಹೆಣೆದ ಆ ಪ್ರಶ್ನೆಗಳಲ್ಲಿ ಜಾತಿಯ ಪಂಕ್ತಿ, ತಾಂಡಾ, ಮಠ, ದರ್ಗಾಗಳಿಗೆ ಜಾಗವಿಲ್ಲ. ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಬ್ಬ, ಊಟ, ಹಾಡುಗಳನ್ನು ಜನರ ಬಾಯಿಂದ ಸಂಗ್ರಹಿಸುವ ಕ್ಷೇತ್ರಕಾರ್ಯ ಜಾನಪದ ವಿದ್ಯಾರ್ಥಿಗಳ ಕಸುಬು. ಅವರು ಸಂಖ್ಯಾಶಾಸ್ತ್ರ ಬಲ್ಲವರನ್ನು ಜೊತೆಮಾಡಿಕೊಂಡು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮನೆಗಳಿಂದಲೇ ಪ್ರಶ್ನೆಗಳನ್ನು ಹೆಕ್ಕಲಿ, ಅಮ್ಮ, ಅಪ್ಪ, ಮಗು ಮೂವರನ್ನೂ ಕೇಳಲಿ, ಕೆಲವು ವರ್ಷಗಳ ಬಳಿಕ ಅದೇ ಮನೆಗಳಿಗೆ ಮರಳಿ ಹೋಗಲಿ. ಇದನ್ನು ಓದುತ್ತಿರುವ ಶಿಕ್ಷಕರು, ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನ ಕೋರಿಕೆ.