ಹಸಿರು ಪರದೆಯ ಮುಂದೆ ಯಕ್ಷಗಾನದ ವೇಷ

ಯಕ್ಷಗಾನದ ವೇಷಧಾರಿಯೊಬ್ಬ ಕುಣಿಯುತ್ತಿದ್ದಾನೆ. ಹಿಂದೆ ಕಾಡು, ಜಲಪಾತ ಕಾಣುತ್ತವೆ. ಆದರೆ ಅವನ ಎದೆಕಟ್ಟಿನ ನಡುವೆಯೂ ಜಲಪಾತ ಹರಿಯುತ್ತಿದೆ! ಇಂಥ ವೀಡಿಯೊಗಳನ್ನು ನೀವು ನೋಡಿರಬಹುದು. ಹಸಿರು ಪರದೆಯ ಮುಂದೆ ಚಿತ್ರೀಕರಿಸಿ, ಹಸಿರನ್ನು ತೆಗೆದು ಬೇರೆ ಹಿನ್ನೆಲೆಯನ್ನು ಜೋಡಿಸುವ ಕೆಲಸಕ್ಕೆ ಕಂಪೋಸಿಟಿಂಗ್ ಎಂದು ಹೆಸರು. ದೊಡ್ಡ ಚಿತ್ರಗಳಲ್ಲಿ ಇದರ ಒಂದೊಂದು ಹಂತಕ್ಕೂ ಬೇರೆ ಬೇರೆ ತಂತ್ರಜ್ಞರಿರುತ್ತಾರೆ. ಕುಂದಾಪುರದಲ್ಲೋ ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ಇರುವ ಸಣ್ಣ ಸ್ಟುಡಿಯೋದಲ್ಲಿ ಕ್ಯಾಮರಾ ಹಿಡಿದವರೇ ಗಣಕದ ಮುಂದೆಯೂ ಕೂರಬೇಕು. ದಾಖಲಿಸುತ್ತಿರುವುದು ಹಿರಿಯ ಕಲಾವಿದರೊಬ್ಬರ ಪಾತ್ರವಾದರೆ, ಮತ್ತೊಮ್ಮೆ ಗಂಟೆಗಟ್ಟಲೆ ಕೂರಿಸಿ ವೇಷ ಕಟ್ಟಿಸಲಾಗದು. ದೋಷವೆಲ್ಲಿದೆ ಎಂದು ತಿಳಿದು, ಇರುವ ಚಿತ್ರಿಕೆಯನ್ನೇ ಉಳಿಸಿಕೊಳ್ಳಬೇಕು.

ತಂತ್ರಾಂಶ ಹಸಿರನ್ನು ಗುರುತಿಸುವ ಬಗೆ ಹೇಗೆ? ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ (0ಯಿಂದ 255ರವರೆಗೆ). ಹಸಿರಿನ ಸಂಖ್ಯೆಯಿಂದ ಉಳಿದೆರಡರಲ್ಲಿ ದೊಡ್ಡದನ್ನು ಕಳೆಯಿರಿ. ಪರದೆಯ ಪಿಕ್ಸೆಲ್ 60, 180, 70 ಆಗಿದ್ದರೆ ವ್ಯತ್ಯಾಸ 110. ಇದು ಪೂರ್ಣ ಪಾರದರ್ಶಕ. ಮುಖದ ಬಣ್ಣ 210, 150, 120 ಆಗಿದ್ದರೆ ವ್ಯತ್ಯಾಸ ಸೊನ್ನೆಗಿಂತ ಕಡಿಮೆ. ಇದು ಪೂರ್ಣ ಅಪಾರದರ್ಶಕ. ವರ್ಣವ್ಯತ್ಯಾಸದ ಈ ವಿಧಾನವನ್ನು ಪೆಟ್ರೋ ವ್ಲಾಹೋಸ್ 1959ರ 'ಬೆನ್‌ಹರ್' ಚಿತ್ರಕ್ಕಾಗಿ ನೀಲಿ ಪರದೆಯೊಂದಿಗೆ ರೂಪಿಸಿದರು. ಆಗ ಎಲ್ಲವೂ ಫಿಲ್ಮಿನ ಮೇಲೆಯೇ ನಡೆಯುತ್ತಿತ್ತು. ಇಂದಿನ ಅನೇಕ ತಂತ್ರಾಂಶಗಳ ತಿರುಳು ಅದೇ.

ಈಗ ವೇಷಕ್ಕೆ ಬನ್ನಿ. ಎದೆಕಟ್ಟು, ಭುಜಕೀರ್ತಿಗಳ ಮೇಲೆ ಹೊಳೆಯುವ ಬೇಗಡೆ, ಕನ್ನಡಿ ಚೂರುಗಳಿವೆ. ಪರದೆಯಿಂದ ಚಿಮ್ಮಿದ ಹಸಿರು ಬೆಳಕನ್ನು ಇವು ಪ್ರತಿಫಲಿಸುತ್ತವೆ. ಚಿನ್ನದ ಬಣ್ಣದ ಪಿಕ್ಸೆಲ್ 170, 190, 60 ಆಯಿತೆನ್ನಿ. ವ್ಯತ್ಯಾಸ 20. 110ಕ್ಕೆ 20 ಎಂದರೆ ಶೇ. 18ರಷ್ಟು ಪಾರದರ್ಶಕ. ಜಲಪಾತ ಇಣುಕುವುದು ಇಲ್ಲಿಂದಲೇ. ವೇಷಧಾರಿಯ ದಗಲೆಯೇ ಹಸಿರಾಗಿದ್ದರಂತೂ ಕೇಳುವುದೇ ಬೇಡ: 40, 130, 50 ಇದ್ದರೆ ವ್ಯತ್ಯಾಸ 80, ಅಂದರೆ ಮುಕ್ಕಾಲು ಪಾಲು ದಗಲೆ ಮಾಯ!

ಅನೇಕರು ಮೊದಲು ಮಾಡುವುದು 'ಸಹನೆ'ಯ ಗುಂಡಿಯನ್ನು ಅತ್ತಿತ್ತ ತಿರುಗಿಸುವುದು. ತೂತು ಮುಚ್ಚುತ್ತದೆ, ನಿಜ. ಜೊತೆಗೆ ಮುಂಡಾಸಿನ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಒರಟಾಗುತ್ತದೆ. ಅದರ ಬದಲು ಎರಡು ಮುಸುಕುಗಳನ್ನು ತಯಾರಿಸಿ. ಒಂದು ಮೃದುವಾದದ್ದು, ಅಂಚಿಗಾಗಿ. ಇನ್ನೊಂದು ಗಡುಸಾದದ್ದು, ಅದನ್ನು ಕೆಲವು ಪಿಕ್ಸೆಲ್‌ಗಳಷ್ಟು ಒಳಕ್ಕೆ ಕುಗ್ಗಿಸಿ. ಎರಡನ್ನೂ ಕೂಡಿಸಿದರೆ ಒಳಭಾಗ ಗಟ್ಟಿಯಾಗಿ, ಅಂಚು ಮೆತ್ತಗೆ ಉಳಿಯುತ್ತದೆ. ದಗಲೆಗಾದರೆ ಕೈಯಿಂದಲೇ ಗೆರೆ ಎಳೆದು, ಕುಣಿತಕ್ಕೆ ಸರಿಯಾಗಿ ಅದನ್ನು ಸರಿಸುತ್ತ ಹೋಗಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ. ಬೇಗಡೆಯ ಮೇಲಿನ ಹಸಿರು ಛಾಯೆಯನ್ನು ತೆಗೆಯಲು ಹಸಿರಿನ ಸಂಖ್ಯೆ ಕೆಂಪನ್ನು ಮೀರದಂತೆ ಮಿತಿ ಹಾಕಿದರೆ ಸಾಕು. 190 ಇದ್ದದ್ದು 170 ಆಗುತ್ತದೆ. ಇದೇ ಮಿತಿ ದಗಲೆಗೂ ತಗುಲಿದರೆ ಅದು ಕಪ್ಪಾಗಿಬಿಡುತ್ತದೆ. ಆದ್ದರಿಂದ ಆ ಭಾಗವನ್ನು ಹೊರಗಿಡಿ.

ಇದೆಲ್ಲ ರೋಗ ಬಂದ ಮೇಲಿನ ಔಷಧ. ಚಿತ್ರೀಕರಿಸುವಾಗಲೇ ವೇಷಧಾರಿಯನ್ನು ಪರದೆಯಿಂದ ಏಳೆಂಟು ಅಡಿ ಮುಂದೆ ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಹಸಿರು ದಗಲೆಯಿದ್ದರೆ ನೀಲಿ ಪರದೆ ಕಟ್ಟಿ. ಆದರೆ ಸಾಮಾನ್ಯ ಕ್ಯಾಮರಾದ ಸಂವೇದಕದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ಮಾತ್ರ ನೀಲಿಗೆ ಮೀಸಲು. ಆದ್ದರಿಂದ ನೀಲಿಯಲ್ಲಿ ಕಾಳುಕಾಳಾದ ಗದ್ದಲ ಹೆಚ್ಚು, ಬೆಳಕನ್ನೂ ಹೆಚ್ಚಿಸಬೇಕು. ಪರದೆಯ ಬಟ್ಟೆಯ ನೆರಿಗೆಯನ್ನು ಮರೆಯಬೇಡಿ. ನೆರಳು ಬಿದ್ದಲ್ಲಿ ವ್ಯತ್ಯಾಸ 110ರ ಬದಲು 60ಕ್ಕೆ ಇಳಿದರೆ ಅಲ್ಲಿ ಶೇ. 45ರಷ್ಟು ಬಟ್ಟೆ ಮುಸುಕಾಗಿ ಉಳಿದುಬಿಡುತ್ತದೆ. ಕರಾವಳಿಯ ತೇವದಲ್ಲಿ ಮಸೂರಕ್ಕೆ ಹಿಡಿಯುವ ಬೂಷ್ಟು ಕೂಡ ಚಿತ್ರಕ್ಕೆಲ್ಲ ತೆಳು ಮಬ್ಬು ಹರಡಿ, ಇದೇ ಬಗೆಯ ತೊಂದರೆ ಕೊಡುತ್ತದೆ.

ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ತಂತ್ರಾಂಶವನ್ನು ಬೈಯಬೇಡಿ. ಸಾಮಾನ್ಯ ಕ್ಯಾಮರಾಗಳು ಕಡತವನ್ನು ಚಿಕ್ಕದಾಗಿಸಲು 4:2:0 ಎಂಬ ಕ್ರಮವನ್ನು ಬಳಸುತ್ತವೆ. ದೀಪ್ತಿಯ ವಿವರ 1920×1080 ಇದ್ದರೂ ಬಣ್ಣದ ವಿವರ 960×540 ಮಾತ್ರ. ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣವಿರುವಾಗ ಬಣ್ಣವನ್ನು ನಂಬಿ ಕತ್ತರಿಸಿದ ಅಂಚು ನಯವಾಗುವುದಾದರೂ ಹೇಗೆ? ಬಣ್ಣದ ಮಾಹಿತಿಯನ್ನು ಮಾತ್ರ ಒಂದೆರಡು ಪಿಕ್ಸೆಲ್ ಮಸುಕುಗೊಳಿಸಿ, ಆಮೇಲೆ ಮುಸುಕು ತೆಗೆದರೆ ಗುಣ ಕಾಣುತ್ತದೆ.

ವೇಷದ ಸುತ್ತ ಕಪ್ಪು ಗೆರೆ ಮೂಡುವುದು ಇನ್ನೊಂದು ದೂರು. ಕತ್ತರಿಸಿದ ಚಿತ್ರದೊಂದಿಗೆ ಪಾರದರ್ಶಕತೆಯನ್ನು ಹೇಳುವ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯೂ ಇರುತ್ತದೆ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ವಿವರಿಸಿದ ಪದ್ಧತಿಯಲ್ಲಿ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿಟ್ಟಿರುತ್ತಾರೆ. ಅಂಚಿನ ಬಣ್ಣ 200, ಆಲ್ಫಾ ಅರ್ಧವಾದರೆ ಕಡತದಲ್ಲಿರುವುದು 100. ಹಿನ್ನೆಲೆ 160 ಇದ್ದರೆ ಅದರರ್ಧ 80 ಕೂಡಿ 180 ಬರಬೇಕು. ಗುಣಿಸಿರುವುದನ್ನು ಅರಿಯದ ತಂತ್ರಾಂಶ ಇನ್ನೊಮ್ಮೆ ಗುಣಿಸಿದರೆ 50 ಮತ್ತು 80 ಸೇರಿ 130 ಆಗುತ್ತದೆ. ಅದೇ ಕಪ್ಪು ಗೆರೆ. ಕಡತವನ್ನು ತೆರೆಯುವಾಗ 'ಪ್ರೀಮಲ್ಟಿಪ್ಲೈಡ್' ಎಂದು ಸೂಚಿಸಿದರೆ ಗೆರೆ ಮಾಯವಾಗುತ್ತದೆ.

ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಮೊದಲು ಹೊಂದಿಕೆಯಿದ್ದು, ಬರಬರುತ್ತ ತಪ್ಪಿದರೆ ಮೊಬೈಲ್ ಫೋನಿನ ಚಿತ್ರಿಕೆಯನ್ನು ಅನುಮಾನಿಸಿ. ಅನೇಕ ಫೋನುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿನ ಚೌಕಟ್ಟುಗಳ ಸಂಖ್ಯೆಯನ್ನು ಏರಿಳಿಸುತ್ತವೆ. ಅದನ್ನು ಮೊದಲು ಸ್ಥಿರ ಸಂಖ್ಯೆಗೆ ಪರಿವರ್ತಿಸಿಕೊಂಡೇ ಕೆಲಸಕ್ಕಿಳಿಯಬೇಕು.

ಇನ್ನು ತಂತ್ರಾಂಶ ನಡುವೆಯೇ ನಿಂತುಬಿಡುವ ವಿಚಾರ. 1920×1080 ಅಳತೆಯ ಒಂದು ಚೌಕಟ್ಟಿಗೆ, 32 ಬಿಟ್ ನಿಖರತೆಯಲ್ಲಿ ನಾಲ್ಕು ಸಂಖ್ಯೆಗಳಂತೆ, ಸುಮಾರು 33 ಮೆಗಾಬೈಟ್ ಸ್ಮೃತಿ ಬೇಕು. 25 ಚೌಕಟ್ಟುಗಳ ಒಂದು ಸೆಕೆಂಡಿಗೆ ಸುಮಾರು 830 ಮೆಗಾಬೈಟ್! 8 ಗಿಗಾಬೈಟ್ ಸ್ಮೃತಿಯ ಗಣಕ ಹತ್ತು ಸೆಕೆಂಡಿನೊಳಗೆ ಏದುಸಿರು ಬಿಡುವುದು ಸಹಜ. ಕಾಲು ಅಳತೆಯಲ್ಲಿ ನೋಡುತ್ತ ಕೆಲಸ ಮಾಡಿ, ಕೊನೆಗೆ ಮಾತ್ರ ಪೂರ್ಣ ಅಳತೆಗೆ ಹೋಗಿ.

ಆ ಕೊನೆಯ ಹಂತದಲ್ಲಿ ನೇರವಾಗಿ ವೀಡಿಯೊ ಕಡತವನ್ನು ಬರೆಸದಿರುವುದು ಒಳ್ಳೆಯದು. ಅನೇಕ ವೀಡಿಯೊ ಕಡತಗಳಲ್ಲಿ ಯಾವ ಚೌಕಟ್ಟು ಎಲ್ಲಿದೆ ಎಂಬ ಸೂಚಿಯನ್ನು ಎಲ್ಲಕ್ಕಿಂತ ಕೊನೆಗೆ ಬರೆಯಲಾಗುತ್ತದೆ. ಆಷಾಢದ ಗಾಳಿಮಳೆಗೆ ಶೇ. 95 ಮುಗಿದಾಗ ಕರೆಂಟು ಹೋಯಿತೋ, ಸೂಚಿಯಿಲ್ಲದ ಆ ಕಡತ ತೆರೆದುಕೊಳ್ಳುವುದೇ ಇಲ್ಲ. ಪ್ರತಿ ಚೌಕಟ್ಟನ್ನೂ ಬೇರೆ ಬೇರೆ ಚಿತ್ರವಾಗಿ (ಪಿಎನ್‌ಜಿ ಅಥವಾ ಇಎಕ್ಸ್‌ಆರ್) ಬರೆಸಿದರೆ 4,120ನೆಯದರಲ್ಲಿ ನಿಂತದ್ದನ್ನು 4,120ರಿಂದಲೇ ಮುಂದುವರಿಸಬಹುದು. ಎಲ್ಲ ಮುಗಿದ ಮೇಲೆ ಅವನ್ನು ಪೋಣಿಸಿ, ಚಂಡೆ ಮದ್ದಳೆಗಳ ಧ್ವನಿಯನ್ನು ಸೇರಿಸಿ. ಕ್ಯಾಮರಾದ ಮೂಲ ಕಡತಗಳ ಎರಡು ಪ್ರತಿಗಳು ಬೇರೆ ಬೇರೆ ಡಿಸ್ಕುಗಳಲ್ಲಿರಲಿ. ಅವುಗಳಲ್ಲಿ ಒಂದಾದರೂ ಸ್ಟುಡಿಯೋದ ಹೊರಗಿರಲಿ.