ನಿಧಾನವೇ ಗುಣವಾದ ಮಾತ್ರೆ

ಅಧಿಕ ರಕ್ತದೊತ್ತಡದ ಚಿಕಿತ್ಸೆಯ ಚರಿತ್ರೆಯಲ್ಲಿ ಮುಂಬಯಿಗೆ ಹಳೆಯ ಸ್ಥಾನವಿದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧದ ಬೇರಿನ ಪರಿಣಾಮವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿ ಪಾಶ್ಚಾತ್ಯ ವೈದ್ಯರ ಗಮನ ಸೆಳೆದರು, ಆದರೆ ಕೆಲವರನ್ನು ಖಿನ್ನತೆಗೆ ತಳ್ಳುತ್ತಿದ್ದ ಆ ಔಷಧಿ ಕ್ರಮೇಣ ಹಿಂದೆ ಸರಿದು, ಇಂದು ಅದೇ ನಗರದಲ್ಲಿ ಬಿ.ಪಿ. ರೋಗಿಗಳಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಮುಂಚೂಣಿಯಲ್ಲಿದೆ.

ಇದು ಕ್ಯಾಲ್ಸಿಯಂ ಪ್ರತಿರೋಧಕಗಳೆಂಬ ಗುಂಪಿಗೆ ಸೇರಿದ್ದು. ರಕ್ತನಾಳದ ಗೋಡೆಯ ಸ್ನಾಯುಕೋಶದೊಳಕ್ಕೆ ಸೂಕ್ಷ್ಮ ದ್ವಾರಗಳ ಮೂಲಕ ಕ್ಯಾಲ್ಸಿಯಂ ನುಗ್ಗಿದಾಗ ಸ್ನಾಯು ಬಿಗಿದು ನಾಳ ಕಿರಿದಾಗುತ್ತದೆ. ಆ ದ್ವಾರಗಳನ್ನು ಭಾಗಶಃ ತಡೆದರೆ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ 1960ರ ದಶಕದಲ್ಲಿ ಈ ಕ್ರಿಯೆಯನ್ನು ಗುರುತಿಸಿದರು. ಗುಂಪಿನ ಹೆಸರು ಕೇಳಿ ಹಾಲು ಬಿಡುವುದಾಗಲಿ, ಮೂಳೆಯ ಕ್ಯಾಲ್ಸಿಯಂ ಕರಗುತ್ತದೆಂದು ಮಾತ್ರೆ ಬಿಡುವುದಾಗಲಿ ಅನಗತ್ಯ.

ಅಮ್ಲೋಡಿಪಿನ್‌ಗಿಂತ ಮೊದಲು ಬಳಕೆಗೆ ಬಂದ, ಇದೇ ಗುಂಪಿನ ನಿಫೆಡಿಪಿನ್ ಕ್ಯಾಪ್ಸೂಲ್ ಒತ್ತಡವನ್ನು ಥಟ್ಟನೆ ಇಳಿಸುತ್ತಿತ್ತು. ಬಿ.ಪಿ. ಏರಿದಾಗ ಅದನ್ನು ಚುಚ್ಚಿ ನಾಲಿಗೆಯಡಿ ಹಿಂಡುವ ಪದ್ಧತಿ ಒಂದು ಕಾಲಕ್ಕೆ ಎಲ್ಲೆಡೆ ಇತ್ತು. ಒತ್ತಡ ಏಕಾಏಕಿ ಕುಸಿದು ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತಗಳು ಸಂಭವಿಸಿದವು ಎಂದು ವರದಿಗಳು ಬಂದ ಮೇಲೆ ವೈದ್ಯರು ಆ ಪದ್ಧತಿಯನ್ನು ಕೈಬಿಟ್ಟರು. ಅಮ್ಲೋಡಿಪಿನ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಅದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಹಿಡಿಯುತ್ತದೆ. ಆದ್ದರಿಂದ ದಿನಕ್ಕೊಂದು ಮಾತ್ರೆ ಸಾಕು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ಧಾವಂತದಲ್ಲಿ ತಪ್ಪಿದ ಮಾತ್ರೆಯನ್ನು ಸಂಜೆ ಮನೆಗೆ ಬಂದು ನುಂಗಿದರೂ ಒತ್ತಡ ಸಾಮಾನ್ಯವಾಗಿ ಎಗರುವುದಿಲ್ಲ. ಅದೇ ಕಾರಣಕ್ಕೆ, ಎರಡೇ ದಿನದಲ್ಲಿ ಬಿ.ಪಿ. ನೋಡಿಸಿ ‘ಇದು ಹಿಡಿಯಲಿಲ್ಲ’ ಎಂದು ಔಷಧಿ ಬದಲಿಸುವುದು ಅವಸರವೇ ಸರಿ, ಏಕೆಂದರೆ ಪೂರ್ಣ ಪರಿಣಾಮಕ್ಕೆ ವಾರಕ್ಕೂ ಹೆಚ್ಚು ಬೇಕು. 2017ರಲ್ಲಿ ಆರಂಭವಾದ ರಾಷ್ಟ್ರೀಯ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಹಲವು ರಾಜ್ಯಗಳು ಚಿಕಿತ್ಸೆಯನ್ನು 5 ಮಿಲಿಗ್ರಾಂ ಅಮ್ಲೋಡಿಪಿನ್‌ನಿಂದಲೇ ಆರಂಭಿಸುವ ಕ್ರಮ ಇಟ್ಟುಕೊಂಡದ್ದು ವಿವೇಕದ ಆಯ್ಕೆ.

ತೊಡಕಿಲ್ಲವೆಂದಲ್ಲ. ಕೆಲವರ ವಸಡು ದಪ್ಪಗಾಗುತ್ತದೆ. ಇನ್ನು ಕೆಲವರಿಗೆ ಸಂಜೆಯ ಹೊತ್ತಿಗೆ ಕಣಕಾಲು ಊದಿ, ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತುತ್ತದೆ. ಸಣ್ಣ ಅಪಧಮನಿಗಳು ಹಿಗ್ಗಿ, ಲೋಮನಾಳಗಳಿಂದ ದ್ರವ ಹೊರಕ್ಕೆ ಜಿನುಗುವುದು ಇದಕ್ಕೆ ಕಾರಣವಾದ್ದರಿಂದ, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದರೆ ಊತ ಅಷ್ಟಾಗಿ ಇಳಿಯದು. ಪ್ರಮಾಣ ತಗ್ಗಿಸುವುದು, ಟೆಲ್ಮಿಸಾರ್ಟನ್ ಎಂಬ ಬೇರೆ ಬಗೆಯ ಬಿ.ಪಿ. ಮಾತ್ರೆಯನ್ನು ಜೊತೆಗೂಡಿಸುವುದು ಅಥವಾ ಊತ ಕಡಿಮೆ ತರುವ, ಇದೇ ಗುಂಪಿನ ಸಿಲ್ನಿಡಿಪಿನ್‌ಗೆ ಬದಲಿಸುವುದು ವೈದ್ಯರು ಹಿಡಿಯುವ ದಾರಿ.