ಪಟಿಂಗ್: ಆ ಮೂರನೆಯ ಹೊಡೆತವನ್ನು ಉಳಿಸುವುದು ಹೇಗೆ?



ಚಳಿ ಬಿಟ್ಟು ಬಿಸಿಲು ಕಾಣಿಸಿಕೊಂಡ ಕೂಡಲೇ ರೆನ್ನಿಂಗೆನ್ ಸುತ್ತಮುತ್ತ ಇರುವ ನಮ್ಮ ಕೆಲವು ಕುಟುಂಬಗಳಲ್ಲಿ ಗಾಲ್ಫ್ ಬ್ಯಾಗುಗಳು ಕೆಲ್ಲರ್‌ನಿಂದ ಮೇಲಕ್ಕೆ ಬರುತ್ತವೆ. ಊರಿನಲ್ಲಿದ್ದಾಗ ದೊಡ್ಡವರ ಆಟ ಎಂದು ದೂರವಿಟ್ಟಿದ್ದ ಗಾಲ್ಫನ್ನು ನಮ್ಮಲ್ಲಿ ಹಲವರು ಕಲಿತದ್ದು ಇಲ್ಲಿ, ಸಹೋದ್ಯೋಗಿಗಳ ಒತ್ತಾಯಕ್ಕೆ. ಕಲಿತ ಮೇಲೆ ಎಲ್ಲರದ್ದೂ ಒಂದೇ ಗೋಳು: "ಗ್ರೀನ್ ತನಕ ಚೆನ್ನಾಗಿಯೇ ಬರುತ್ತೇವೆ, ಅಲ್ಲಿ ಎಲ್ಲವೂ ಕೆಡುತ್ತದೆ!"

ಕಳೆದ ವರ್ಷ ಒಂದು ಭಾನುವಾರ ನಾವು ನಾಲ್ವರು ಪಟ್‌ಗಳನ್ನು ಮಾತ್ರ ಬೇರೆಯಾಗಿ ಎಣಿಸಿ ಬರೆದಿಟ್ಟೆವು. ಸಾಮಾನ್ಯವಾಗಿ 72 ಹೊಡೆತಗಳ ಪಾರ್ ಲೆಕ್ಕದಲ್ಲಿ ಪ್ರತಿ ಗ್ರೀನ್‌ಗೆ 2ರಂತೆ 36 ಪಟ್‌ಗಳಿಗೆ ಜಾಗವಿದೆ, ಅಂದರೆ ಸರಿಯಾಗಿ ಅರ್ಧ. ನಮ್ಮಲ್ಲಿ ಒಬ್ಬರೂ 40ಕ್ಕಿಂತ ಕೆಳಗೆ ಇರಲಿಲ್ಲ. 200 ಮೀಟರ್ ಹಾರುವ ಡ್ರೈವ್ ಕೂಡ ಒಂದು ಹೊಡೆತ, ಅರ್ಧ ಮೀಟರ್ ಉರುಳುವ ಪಟ್ ಕೂಡ ಒಂದು ಹೊಡೆತ. ಆದರೂ ನಾವು ಅಭ್ಯಾಸ ಮಾಡುತ್ತಿದ್ದದ್ದು ಡ್ರೈವ್ ಮಾತ್ರ!

ನಮ್ಮ ಬೆಂಗಳೂರಿನ ಹುಡುಗಿ

ಪಟಿಂಗ್‌ನಿಂದ ಏನಾಗಬಹುದು ಎಂಬುದಕ್ಕೆ ಅದಿತಿ ಅಶೋಕ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಐದೂವರೆ ವರ್ಷಕ್ಕೇ ಆಟ ಆರಂಭಿಸಿದ ಅದಿತಿ, 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದರು. ಕೆಲವೇ ತಿಂಗಳ ಹಿಂದೆ ಕೋವಿಡ್‌ನಿಂದ ಬಳಲಿದ್ದ ಅವರ ಡ್ರೈವ್‌ಗಳು ಜೊತೆಗಾರ್ತಿಯರ ಚೆಂಡಿಗಿಂತ ಬಹಳ ಹಿಂದೆ ಬೀಳುತ್ತಿದ್ದವು. ಅವರನ್ನು ಪದಕದ ಹತ್ತಿರಕ್ಕೆ ತಂದದ್ದು ಪಟರ್. ಕೊನೆಗೆ ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಅಂದು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದ ನಮಗೆ ಒಂದು ಪಟ್‌ನ ಬೆಲೆ ಏನೆಂದು ಚೆನ್ನಾಗಿಯೇ ಅರ್ಥವಾಯಿತು.

ಮೊದಲು ದೂರ, ಆಮೇಲೆ ದಿಕ್ಕು

ನಾವು ಮೂರು ಪಟ್ ಮಾಡುವುದು ಏಕೆ? ಚೆಂಡು ಎಡಕ್ಕೋ ಬಲಕ್ಕೋ ಹೋಯಿತೆಂದು ಬೇಸರಪಡುತ್ತೇವೆ. ನಿಜವಾಗಿ ನೋಡಿದರೆ 10 ಮೀಟರ್ ದೂರದ ಪಟ್‌ನಲ್ಲಿ ದಿಕ್ಕು ತಪ್ಪುವುದು ಹೆಚ್ಚೆಂದರೆ ಒಂದು ಅಡಿ. ದೂರದ ಅಂದಾಜು ತಪ್ಪಿದರೆ ಮಾತ್ರ ಚೆಂಡು ಎರಡು ಮೀಟರ್ ಹಿಂದೆಯೋ ಮುಂದೆಯೋ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಗೋಲಿಯನ್ನು ಗುಳಿಗೆ ಉರುಳಿಸುವಾಗ ಕೈಗೆ ಗೊತ್ತಿದ್ದದ್ದು ಇದೇ ಹದ. ಅದನ್ನು ಮತ್ತೆ ಕಲಿಯಬೇಕು, ಅಷ್ಟೇ.

ಅಭ್ಯಾಸದ ಗ್ರೀನ್‌ನಲ್ಲಿ 3, 6 ಮತ್ತು 9 ಹೆಜ್ಜೆ ದೂರದಲ್ಲಿ ಒಂದೊಂದು ಟೀ ಚುಚ್ಚಿ. ಪ್ರತಿ ಗುರಿಗೂ ಮೂರು ಮೂರು ಚೆಂಡು ಹೊಡೆಯಿರಿ. ಹೊಡೆಯುವ ಮೊದಲು ಗುರಿಯನ್ನೇ ನೋಡುತ್ತ ಎರಡು ಬಾರಿ ಪಟರನ್ನು ಗಾಳಿಯಲ್ಲಿ ಬೀಸಿ. ದೂರ ಹೆಚ್ಚಾದಂತೆ ಬೀಸಿನ ಉದ್ದ ಹೆಚ್ಚಬೇಕೇ ಹೊರತು ಕೊನೆಯಲ್ಲಿ ಮಣಿಕಟ್ಟಿನಿಂದ ಕುಟ್ಟಬಾರದು. ದೂರದ ಪಟ್‌ನಲ್ಲಿ ಕುಳಿಗೆ ಹಾಕುವ ಆಸೆ ಬೇಡ; ಕುಳಿಯ ಸುತ್ತ ಒಂದು ಪಟರ್ ಉದ್ದದೊಳಗೆ ಚೆಂಡು ನಿಂತರೆ ಗೆದ್ದಂತೆ.

ಹತ್ತಿರದ ಪಟ್‌ಗಳು

ಒಂದು ಮೀಟರ್ ದೂರದಲ್ಲಿ ಮಾತ್ರ ದಿಕ್ಕೇ ಮುಖ್ಯ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಪಟರ್‌ನ ಮುಖ ಎತ್ತ ತಿರುಗಿದೆ ಎಂಬುದು. ಪಟರ್‌ನ ತಲೆಗಿಂತ ಸ್ವಲ್ಪವೇ ಅಗಲವಾಗಿ ಎರಡು ಟೀ ಚುಚ್ಚಿ ಬಾಗಿಲು ಮಾಡಿ, ಅವುಗಳಿಗೆ ತಾಗದಂತೆ ಬೀಸಿ. ಹಿಡಿತ ಸಡಿಲವಾಗಿರಲಿ, ಕಣ್ಣು ಚೆಂಡಿನ ನೇರ ಮೇಲಿರಲಿ. ಹೊಡೆದ ಮೇಲೆ ತಲೆ ಎತ್ತಬೇಡಿ; ಚೆಂಡು ಬಿದ್ದದ್ದನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯಿರಿ. ಆಮೇಲೆ ಕುಳಿಯ ಸುತ್ತ ಐದು ಚೆಂಡಿಟ್ಟು ಎಲ್ಲವನ್ನೂ ಒಳಗೆ ಹಾಕಿ. ಒಂದು ತಪ್ಪಿದರೂ ಮತ್ತೆ ಒಂದರಿಂದ ಆರಂಭ!

ಕುಳಿಯ ಅಗಲ 10.8 ಸೆಂಟಿಮೀಟರ್, ಚೆಂಡಿನದು ಸುಮಾರು 4.3. ನಿಧಾನವಾಗಿ ಬರುವ ಚೆಂಡು ಅಂಚಿಗೆ ಬಂದರೂ ಒಳಗೆ ಬೀಳುತ್ತದೆ, ಜೋರಾಗಿ ಬಂದದ್ದು ಅಂಚು ಸವರಿ ಹೊರಗೆ ಹೋಗುತ್ತದೆ. ತಪ್ಪಿದರೆ ಕುಳಿಯನ್ನು ಒಂದು ಅಡಿಯಷ್ಟೇ ದಾಟಿ ನಿಲ್ಲುವಂತಹ ವೇಗ ಒಳ್ಳೆಯದು. ಇಲ್ಲೊಂದು ಸಮಾಧಾನದ ಮಾತೂ ಇದೆ. ಅಮೆರಿಕದ ವೃತ್ತಿಪರ ಆಟಗಾರರೇ 8 ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಒಳಗೆ ಹಾಕುತ್ತಾರೆ. ಆದ್ದರಿಂದ ಅದು ತಪ್ಪಿದರೆ ಮುಖ ಸಪ್ಪಗೆ ಮಾಡಿಕೊಳ್ಳಬೇಕಿಲ್ಲ.

ಗ್ರೀನ್ ಓದುವುದು

ಅಂಗಳಕ್ಕೆ ಒಂದು ಬಿಂದಿಗೆ ನೀರು ಸುರಿದರೆ ಎತ್ತ ಹರಿಯುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆ ನೋಡಿದರೇ ಗೊತ್ತಿತ್ತು. ಗ್ರೀನ್ ಮೇಲೂ ಅದೇ ಪ್ರಶ್ನೆ ಕೇಳಿಕೊಳ್ಳಿ. ಇಳಿಜಾರಿನ ತಗ್ಗಿನ ಕಡೆಯಿಂದ ಬಗ್ಗಿ ನೋಡಿದರೆ ಉತ್ತರ ಬೇಗ ಸಿಗುತ್ತದೆ. ನಮ್ಮಂತಹ ಹವ್ಯಾಸಿಗಳು ತಿರುವಿಗೆ ಸಾಕಷ್ಟು ಜಾಗ ಬಿಡುವುದಿಲ್ಲ, ಚೆಂಡು ತಗ್ಗಿನ ಕಡೆಗೇ ತಪ್ಪುತ್ತದೆ. ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚೇ ಮೇಲಕ್ಕೆ ಗುರಿಯಿಡಿ. ಚೆಂಡು ನಿಧಾನವಾದಷ್ಟೂ ಹೆಚ್ಚು ತಿರುಗುತ್ತದೆ ಎಂಬುದೂ ನೆನಪಿರಲಿ. ಬೆಳಗಿನ ಇಬ್ಬನಿಯಲ್ಲಿ ಗ್ರೀನ್ ನಿಧಾನ, ಒಣಗಿದ ಮೇಲೆ ವೇಗ. ಆದ್ದರಿಂದ ಆಟಕ್ಕೆ ಮೊದಲು ಹತ್ತು ನಿಮಿಷ ಅಭ್ಯಾಸದ ಗ್ರೀನ್ ಮೇಲೆ ಕಳೆಯಲೇಬೇಕು.

ಕೆಲವು ನಿಯಮಗಳೂ ಬದಲಾಗಿವೆ. 2019ರಿಂದ ಬಾವುಟದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು, ಗ್ರೀನ್ ಮೇಲಿನ ಶೂ ಗುರುತುಗಳನ್ನು ಸರಿಪಡಿಸಿಕೊಳ್ಳಬಹುದು. ಉದ್ದ ಪಟರನ್ನು ಎದೆಗೋ ಹೊಟ್ಟೆಗೋ ಆನಿಸಿ ಬೀಸುವುದಕ್ಕೆ ಮಾತ್ರ 2016ರಿಂದ ಅವಕಾಶವಿಲ್ಲ.

ನಮ್ಮ ಪಕ್ಕದಲ್ಲೇ ನಡೆದದ್ದು

ಕೊನೆಗೆ ಮನಸ್ಸಿನ ಮಾತು. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಅವರಿಗೆ ಹತ್ತಿರದ ಪಟ್ ಹೊಡೆಯುವಾಗ ಕೈ ತಾನಾಗಿ ಅದುರುವ ತೊಂದರೆ ಹಲವು ಬಾರಿ ಕಾಡಿತ್ತು. 1991ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಕಿಯಾವಾ ದ್ವೀಪದಲ್ಲಿ ನಡೆದ ರೈಡರ್ ಕಪ್‌ನ ಕಟ್ಟಕಡೆಯ ಪಂದ್ಯದ ಕಟ್ಟಕಡೆಯ ಗ್ರೀನ್‌ನಲ್ಲಿ, ಅವರ ಮುಂದೆ ಸುಮಾರು 6 ಅಡಿಯ ಪಟ್ ಇತ್ತು. ಅದು ತಪ್ಪಿತು, ಕಪ್ ಯುರೋಪಿನ ಕೈಬಿಟ್ಟಿತು.

ಮುಂದಿನ ವಾರವೇ ಅವರು ಆಡಿದ್ದು ಎಲ್ಲಿ ಗೊತ್ತೇ? ರೆನ್ನಿಂಗೆನ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗದ ಮ್ಯೋನ್ಸ್‌ಹೈಮ್‌ನ ಸ್ಟುಟ್‌ಗಾರ್ಟ್ ಸೊಲಿಟ್ಯೂಡ್ ಗಾಲ್ಫ್ ಕ್ಲಬ್‌ನಲ್ಲಿ, ಜರ್ಮನ್ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ. ಅಲ್ಲಿಯೂ ಕೊನೆಯ ಗ್ರೀನ್‌ನಲ್ಲಿ ಸುಮಾರು 15 ಅಡಿಯ ಪಟ್ ಎದುರಾಯಿತು. ಅದನ್ನು ಒಳಗೆ ಹಾಕಿ, ಪ್ಲೇಆಫ್‌ನಲ್ಲಿ ಪಂದ್ಯಾವಳಿಯನ್ನೇ ಗೆದ್ದರು! ಎರಡು ವರ್ಷದ ನಂತರ, 1993ರಲ್ಲಿ, ಎಡ ಮುಂಗೈಗೆ ಪಟರನ್ನು ಒತ್ತಿ ಹಿಡಿಯುವ ವಿಚಿತ್ರ ಹಿಡಿತದಿಂದ ಅಮೆರಿಕದ ಮಾಸ್ಟರ್ಸ್ ಅನ್ನೂ ಎರಡನೇ ಬಾರಿ ಗೆದ್ದರು. ತಪ್ಪಿದ ಪಟ್ ಅನ್ನು ಅಲ್ಲಿಯೇ ಬಿಟ್ಟು ಬರಬೇಕು, ನೋಡಲು ಚೆನ್ನಾಗಿಲ್ಲ ಎಂದು ನಮಗೆ ಒಗ್ಗುವ ಹಿಡಿತವನ್ನು ಬಿಡಬಾರದು. ನಾವು ಅವರಿಂದ ಕಲಿತ ಪಾಠ ಇದು.

ಮನೆಯವರೆಲ್ಲ ಸೇರಿ

ಪಟಿಂಗ್‌ಗೆ ತೋಳ್ಬಲ ಬೇಡ. ಊರಿನಿಂದ ಬಂದ ಅಪ್ಪ ಅಮ್ಮಂದಿರು, ಎಂಟು ವರ್ಷದ ಮಕ್ಕಳು, ಎಲ್ಲರೂ ಇಲ್ಲಿ ಸಮಾನರು. ಪೂರ್ಣ ಮೈದಾನದಲ್ಲಿ ಆಡಲು ಇಲ್ಲಿ ಪ್ಲಾಟ್ಸ್‌ರೈಫೆ ಪರೀಕ್ಷೆ ಆಗಿರಬೇಕು. ಅಭ್ಯಾಸದ ಗ್ರೀನ್‌ಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಅತಿಥಿಗಳಿಗೆ ಅವಕಾಶವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಳೆ ಬಂದರೆ ಮನೆಯ ಕಾರ್ಪೆಟ್ ಮೇಲೆ ಒಂದು ಸ್ಟೀಲ್ ಲೋಟ ಮಲಗಿಸಿದರೂ ಸಾಕು. ರಾತ್ರಿ 10ರ ಮೇಲೆ ಮಾತ್ರ ಬೇಡ, ಕೆಳಮನೆಯವರು ಬಾಗಿಲು ತಟ್ಟಿಯಾರು!

ಮುಂದಿನ ಬಾರಿ ಆಡುವಾಗ ಕಾರ್ಡಿನ ಮೂಲೆಯಲ್ಲಿ ಪಟ್‌ಗಳನ್ನು ಬೇರೆಯಾಗಿ ಬರೆದಿಡಿ. ತಿಂಗಳ ಕೊನೆಯಲ್ಲಿ ನಾವೆಲ್ಲ ಸೇರಿದಾಗ ಕಾರ್ಡುಗಳನ್ನು ಹೋಲಿಸೋಣ. ಹೆಚ್ಚು ಪಟ್ ಮಾಡಿದವರ ಕಡೆಯಿಂದ ಎಲ್ಲರಿಗೂ ಕಾಫಿ!